ಪ್ರವೇಶ ಪರೀಕ್ಷೆ: ಆಯ್ಕೆ ಮತ್ತು ಸ್ವಂತ ಓದು

ಬಿ.ಕಾಂ. ಕೊನೆಯ ವರ್ಷಕ್ಕೆ ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: ಮುಂದೇನು? ಎಂ.ಬಿ.ಎ. ಮಾಡಬೇಕೆಂದವರ ಮುಂದೆ ಮುಖ್ಯವಾಗಿ ಎರಡು ಪರೀಕ್ಷೆಗಳಿವೆ. ಒಂದು ತೆಲಂಗಾಣದ ಐಸೆಟ್, ಇನ್ನೊಂದು ಐ.ಐ.ಎಂ.ಗಳ ಕ್ಯಾಟ್. ಯಾವುದನ್ನು ಆರಿಸಬೇಕು, ಕೋಚಿಂಗ್ ಇಲ್ಲದೆ ಹೇಗೆ ಓದಬೇಕು ಎಂಬುದನ್ನು, ನನ್ನಂತೆ ಕನ್ನಡ ಮಾಧ್ಯಮದಿಂದ ಬಂದ ಮಿತ್ರರಿಗಾಗಿ ಬರೆಯುತ್ತಿದ್ದೇನೆ.

ನಾನು ಹತ್ತನೆಯ ತರಗತಿಯವರೆಗೆ ಬೀದರ ಜಿಲ್ಲೆಯಲ್ಲಿ ಕನ್ನಡದಲ್ಲೇ ಓದಿದವನು. ಅಪ್ಪನಿಗೆ ಸನತ್‌ನಗರದಲ್ಲಿ ಲೇತ್ ಕೆಲಸ. ಇಲ್ಲಿಂದ ಅಮೀರ್‌ಪೇಟೆ ಬಹಳ ದೂರವೇನಲ್ಲ. ಅಲ್ಲಿ ಕೋಚಿಂಗ್ ಬೋರ್ಡುಗಳಿಗೆ ಬರವಿಲ್ಲ. ಆದರೆ ಈ ವರ್ಷ ತಂಗಿಯ ಇಂಟರ್ ಫೀಸೂ ಕಟ್ಟಬೇಕು. "ತಮ್ಮಾ, ರೊಕ್ಕ ಒಂದ ಕಡಿಗಿ ಸಾಕಾಗ್ತದ, ಎರಡೂ ಕಡಿಗಿ ಸಾಲಂಗಿಲ್ಲ" ಅಂದರು ಅಪ್ಪ. "ಅಕಿದು ಕಟ್ರಿ, ನಾ ಮನ್ಯಾಗೇ ಓದ್ತೀನಿ" ಅಂದೆ. ಹೀಗಾಗಿ ಪರೀಕ್ಷೆಯನ್ನು ನಾನೇ ತೂಗಿ ನೋಡಬೇಕಾಯಿತು.

ಮೊದಲು ಆಯ್ಕೆ. ಕ್ಯಾಟ್‌ನಲ್ಲಿ ಮೂರು ಭಾಗ, ಒಂದೊಂದಕ್ಕೆ 40 ನಿಮಿಷ, ಎಲ್ಲವೂ ಇಂಗ್ಲಿಷಿನಲ್ಲೇ. ಸರಿಯುತ್ತರಕ್ಕೆ 3 ಅಂಕ; ಆಯ್ಕೆಯ ಪ್ರಶ್ನೆ ತಪ್ಪಿದರೆ 1 ಅಂಕ ಕಡಿತ. 2025ರ ಐಸೆಟ್ ಮಾದರಿಯಲ್ಲಿ 200 ಪ್ರಶ್ನೆ, 150 ನಿಮಿಷ: ತರ್ಕ 75, ಗಣಿತ 75, ಇಂಗ್ಲಿಷ್ ಭಾಷಾ ಸಾಮರ್ಥ್ಯ 50. ತಪ್ಪಿಗೆ ಕಡಿತವಿಲ್ಲ. ಅಂದರೆ ನಾಲ್ಕರಲ್ಲಿ ಮೂರು ಪಾಲು ಲೆಕ್ಕ ಮತ್ತು ತರ್ಕದ್ದು. ನಮ್ಮ ಬಂಡವಾಳ ಇರುವುದೇ ಅಲ್ಲಿ. ಆದ್ದರಿಂದ ನಾನು ಐಸೆಟ್ ಆರಿಸಿದೆ.

ಇಲ್ಲಿ ಒಂದು ಲೆಕ್ಕ ನೋಡಿ. ಐಸೆಟ್‌ನಲ್ಲಿ ಅರ್ಹತೆಗೆ ಶೇಕಡಾ 25, ಅಂದರೆ 50 ಅಂಕ ಬೇಕು (ಪರಿಶಿಷ್ಟ ಜಾತಿ, ಪಂಗಡದವರಿಗೆ ಈ ಮಿತಿಯಿಲ್ಲ). ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ; ಕಣ್ಣು ಮುಚ್ಚಿ ಗುರುತು ಹಾಕಿದವನಿಗೂ ಸರಾಸರಿ 50 ಬಂದೀತು! ಹಾಗಾದರೆ ಅರ್ಹನಾಗುವುದು ದೊಡ್ಡದಲ್ಲ. ಒಳ್ಳೆಯ ಕಾಲೇಜು ಸಿಗುವುದು ರ್‍ಯಾಂಕಿನಿಂದ. ಇನ್ನು ಸಮಯ: ಒಂದು ಪ್ರಶ್ನೆಗೆ 45 ಸೆಕೆಂಡ್. ಈ 45 ಸೆಕೆಂಡು ಎಲ್ಲಿ ಕಳೆದುಹೋಗುತ್ತದೆ ಎಂಬುದೇ ನಮ್ಮವರ ನಿಜವಾದ ತೊಡಕು.

ಅದು ಗಣಿತದಲ್ಲಿ ಕಳೆಯುವುದಿಲ್ಲ, ಪ್ರಶ್ನೆ ಓದುವುದರಲ್ಲಿ ಕಳೆಯುತ್ತದೆ. ತರ್ಕ, ಗಣಿತದ ಪ್ರಶ್ನೆಗಳು ಕನ್ನಡದಲ್ಲಿ ಬರುವುದಿಲ್ಲ. ಅನುಪಾತ, ಸರಾಸರಿ, ಚಕ್ರಬಡ್ಡಿ ಎಲ್ಲವನ್ನೂ ಶಾಲೆಯಲ್ಲೇ ಕಲಿತಿದ್ದೇವೆ. ಆದರೆ "ರೆಸ್ಪೆಕ್ಟಿವ್ಲಿ" ಅಂದರೆ ನಮ್ಮ "ಕ್ರಮವಾಗಿ", "ಅಟ್ ಲೀಸ್ಟ್" ಅಂದರೆ "ಕನಿಷ್ಠ", "ಅಟ್ ಮೋಸ್ಟ್" ಅಂದರೆ "ಗರಿಷ್ಠ" ಎಂದು ಥಟ್ಟನೆ ಹೊಳೆಯಬೇಕು. ಅದಕ್ಕಾಗಿ ನಾನೊಂದು ನೋಟ್‌ಬುಕ್ ಮಾಡಿದ್ದೇನೆ. ಮೂರು ಅಂಕಣ: ಇಂಗ್ಲಿಷ್ ಪದ, ಕನ್ನಡ ಪದ, ಒಂದು ಸಣ್ಣ ಲೆಕ್ಕ. ದಿನಕ್ಕೆ ಐದು ಪದ ಸಾಕು. ಬರೀ ಅರ್ಥ ಬರೆದುಕೊಂಡರೆ ಮರೆತುಹೋಗುತ್ತೆ. ಲೆಕ್ಕದ ಜೊತೆ ಬರೆದರೆ ನಿಲ್ಲುತ್ತೆ.

ಇನ್ನು "ದತ್ತಾಂಶ ಸಾಕೇ?" ಎಂಬ ಬಗೆಯ ಪ್ರಶ್ನೆಗಳು. ಉದಾಹರಣೆಗೆ: ವ್ಯಾಪಾರಿಗೆ ಬಂದ ಲಾಭವೆಷ್ಟು? ಹೇಳಿಕೆ 1: ಮಾರಿದ ಬೆಲೆ 600 ರೂಪಾಯಿ. ಹೇಳಿಕೆ 2: ಅಸಲಿನ ಮೇಲೆ ಲಾಭ ಶೇಕಡಾ 20. ಒಂದೊಂದೇ ಹೇಳಿಕೆಯಿಂದ ಲಾಭ ತಿಳಿಯದು. ಎರಡೂ ಸೇರಿದರೆ ತಿಳಿಯುತ್ತದೆ. ಅಸಲು 500, ಲಾಭ 100 ಎಂದು ಬಿಡಿಸುತ್ತಾ ಕೂರಬೇಕಾಗಿಲ್ಲ. "ಎರಡೂ ಬೇಕು" ಎಂದು ಗೊತ್ತಾದ ಕೂಡಲೇ ಗುರುತು ಹಾಕಿ ಮುಂದೆ ಹೋಗಬೇಕು. ಪೂರ್ತಿ ಬಿಡಿಸಿದರೇ ಅಂಕ ಎನ್ನುವ ಶಾಲೆಯ ಅಭ್ಯಾಸವನ್ನು ಇಲ್ಲಿ ಬಿಡಬೇಕಾಗುತ್ತದೆ.

ನನ್ನ ದಿನಚರಿ ಇಷ್ಟೇ: ಬೆಳಿಗ್ಗೆ ಒಂದು ಗಂಟೆ ಗಣಿತ, ರಾತ್ರಿ ಒಂದು ಗಂಟೆ ತರ್ಕ, ಮಲಗುವ ಮುಂಚೆ ಇಂಗ್ಲಿಷ್ ಪತ್ರಿಕೆಯ ಒಂದು ಲೇಖನ. ಭಾನುವಾರ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಎದುರಿಗಿಟ್ಟು 150 ನಿಮಿಷದಲ್ಲಿ ಬಿಡಿಸುತ್ತೇನೆ. ತಪ್ಪಾದ ಪ್ರಶ್ನೆಯ ಪಕ್ಕದಲ್ಲಿ "ಲೆಕ್ಕ", "ಭಾಷೆ", "ಅವಸರ" ಎಂದು ಕಾರಣ ಬರೆಯುತ್ತೇನೆ. ವಾರದ ಓದು ಎಲ್ಲಿಗೆ ಹೋಗಬೇಕೆಂದು ಅದೇ ಹೇಳುತ್ತದೆ. ಹಳೆಯ ಪುಸ್ತಕಗಳಿಗೆ ಭಾನುವಾರದ ಆಬಿಡ್ಸ್ ಫುಟ್‌ಪಾತ್ ಇದೆ. ಮನೆಯಲ್ಲಿ ಗಲಾಟೆಯಾದರೆ ಚಿಕ್ಕಡಪಲ್ಲಿಯ ನಗರ ಕೇಂದ್ರ ಗ್ರಂಥಾಲಯವಿದೆ.

ಗಡಿಯಾಚೆಯಿಂದ ಬಂದವರಿಗೆ ಇನ್ನೊಂದು ಮಾತು. ಸೀಟು ಹಂಚುವಾಗ ಸ್ಥಳೀಯರು ಯಾರೆಂಬುದಕ್ಕೆ ಎಲ್ಲಿ ಎಷ್ಟು ವರ್ಷ ಓದಿದ್ದೇವೆ ಎಂಬುದನ್ನೂ ನೋಡುತ್ತಾರೆ. ಓದಿದ ಶಾಲೆ, ಕಾಲೇಜುಗಳಿಂದ ವ್ಯಾಸಂಗ ಪ್ರಮಾಣಪತ್ರಗಳನ್ನು ಈಗಲೇ ತರಿಸಿಟ್ಟುಕೊಳ್ಳಿ.

ಇಂಟರ್ ಓದುತ್ತಿರುವ ತಮ್ಮ, ತಂಗಿಯರಿದ್ದರೆ ಇದನ್ನೂ ತಿಳಿಸಿ: ಪದವಿ ಪ್ರವೇಶಕ್ಕೆ 2022ರಲ್ಲಿ ಆರಂಭವಾದ ಸಿ.ಯು.ಇ.ಟಿ. ಪರೀಕ್ಷೆಯನ್ನು 13 ಭಾಷೆಗಳಲ್ಲಿ ಬರೆಯಬಹುದು. ಅವುಗಳಲ್ಲಿ ಕನ್ನಡವೂ ಒಂದು. ನಮಗೆ ಆ ಅನುಕೂಲವಿಲ್ಲ. ಆದರೂ ಕನ್ನಡದಲ್ಲಿ ಕಲಿತ ಗಣಿತ ಎಲ್ಲಿಗೂ ಹೋಗಿಲ್ಲ. ಅದರ ಇಂಗ್ಲಿಷ್ ಹೆಸರು ಕಲಿಯುವುದಷ್ಟೇ ಬಾಕಿ. ನನ್ನ ನೋಟ್‌ಬುಕ್ಕಿನಲ್ಲಿ ಈವರೆಗೆ ಇನ್ನೂರು ಪದಗಳಾಗಿವೆ. ಬೇಕಾದವರು ನಮ್ಮ ಕೂಟ ಸೇರುವ ದಿನ ಕೇಳಿ ಪಡೆದು, ನಕಲು ಮಾಡಿಕೊಂಡು ಹಿಂತಿರುಗಿಸಬೇಕಾಗಿ ವಿನಂತಿ. ನಿಮ್ಮಲ್ಲಿರುವ ಪದಗಳನ್ನೂ ಅದರಲ್ಲಿ ಸೇರಿಸಿ ಕೊಟ್ಟರೆ ಉಪಕಾರ.