ಹಳೆಯದು ಬೇರೆ, ಎಂಜಲು ಬೇರೆ



*ದಿನದ ಧಮ್ಮ ಚಿಂತನೆ*
*ಇಂದಿನ ಅಧ್ಯಯನ:* ಎರಡನೇ ಶೀಲ, ನಾಲ್ಕನೇ ಶೀಲ ಮತ್ತು ಸಮ್ಯಕ್ ಆಜೀವ
ಮುಕ್ಕುಂದ, ಸಿಂಧನೂರು ತಾಲ್ಲೂಕು

ಧಮ್ಮ ಬಂಧುಗಳೇ,

ಕಳೆದ ವಾರ ನಮ್ಮ ಕೂಟದಲ್ಲಿ ತ್ರಿಸರಣ, ಪಂಚಶೀಲ ಮುಗಿದ ಮೇಲೆ ಒಬ್ಬ ಉಪಾಸಕರು ಒಂದು ಪ್ರಶ್ನೆ ಇಟ್ಟರು. ಅವರ ಮಗಳು ಸಿಂಧನೂರಿಗೆ ಕಾಲೇಜಿಗೆ ಹೋಗುತ್ತಾಳೆ. ಓದಿಗೆ ಲ್ಯಾಪ್‌ಟಾಪ್ ಬೇಕಾಗಿದೆ. ಹೊಸದು ಕೇಳಿದರೆ 40 ಸಾವಿರದ ಮೇಲೆ ಹೇಳುತ್ತಾರೆ. ಬೆಂಗಳೂರಿನ ಒಬ್ಬ ಸಣ್ಣ ವ್ಯಾಪಾರಿ ಆನ್‌ಲೈನ್‌ನಲ್ಲಿ 17 ಸಾವಿರಕ್ಕೆ 'ರಿಫರ್ಬಿಶ್ಡ್' ಲ್ಯಾಪ್‌ಟಾಪ್ ಮಾರುತ್ತಾನೆ. ಅದನ್ನೇ ತರಿಸೋಣ ಎಂದು ಮಗಳ ಹಟ. ತಂದೆಗೆ ಮನಸ್ಸಿಲ್ಲ.

"ಅಣ್ಣಾರ, ನಮ್ಮಪ್ಪ ಮಂದಿ ಉಟ್ಟು ಬಿಟ್ಟ ಅಂಗಿ ಹಾಕ್ಕೊಂಡು ಬೆಳೆದಾನ. ಸಣ್ಣಾವ ಇದ್ದಾಗ ನಾನೂ ಹಾಕ್ಕೊಂಡೀನಿ. ಬಾಬಾಸಾಹೇಬ್ರ ಹಾದಿಗೆ ಬಂದ ಮ್ಯಾಲೂ ನನ್ನ ಮಗಳು ಮಂದಿ ಬಿಟ್ಟದ್ದನ್ನ ಮುಟ್ಟಬೇಕೇನ್ರಿ?"

ಯಾರೂ ಕೂಡಲೇ ಮಾತಾಡಲಿಲ್ಲ. ಅಲ್ಲಿ ಕೂತವರಲ್ಲಿ ಬಹಳ ಮಂದಿಗೆ ಆ ಅಂಗಿ ಗೊತ್ತಿತ್ತು. ಆ ದಿನ ನಾನು ಹೇಳಿದ್ದನ್ನು, ಕೂಟದಲ್ಲಿ ಚರ್ಚೆಯಾದದ್ದನ್ನು ಎಲ್ಲರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆದಿದ್ದೇನೆ.

*1. ಎಂಜಲು ಎಂದರೆ ಏನು?*

ಆ ತಂದೆಯ ನೋವಿಗೆ ಆಧಾರವಿದೆ. ಮನುಸ್ಮೃತಿಯ 10ನೇ ಅಧ್ಯಾಯ ಶೂದ್ರನಿಗೆ ಉಂಡು ಉಳಿದ ಅನ್ನ, ಹಳೆಯ ಬಟ್ಟೆ ಕೊಡಬೇಕು ಎನ್ನುತ್ತದೆ. ಚಂಡಾಲರಿಗೆ ಸತ್ತವರ ಬಟ್ಟೆ, ಒಡೆದ ಪಾತ್ರೆ ಎನ್ನುತ್ತದೆ. ಅಂದರೆ ನಮ್ಮ ಹಿರಿಯರು ಮಂದಿಯ ಹಳೆ ಬಟ್ಟೆ ತೊಟ್ಟದ್ದು ಬರೀ ಬಡತನದಿಂದ ಅಲ್ಲ. ಹಾಗೇ ತೊಡಬೇಕೆಂದು ಬರೆದಿಟ್ಟಿದ್ದರು. 1927ರ ಮಾರ್ಚ್‌ನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು, ಸತ್ತ ದನದ ಮಾಂಸ ಬಿಡಿ, ಎಂಜಲಿಗೆ ಕೈಯೊಡ್ಡಬೇಡಿ ಎಂದು ಕರೆ ಕೊಟ್ಟರು. ಅದೇ ವರ್ಷ ಡಿಸೆಂಬರ್ 25ರಂದು ಅದೇ ಮಹಾಡದಲ್ಲಿ ಮನುಸ್ಮೃತಿಯನ್ನು ಸುಡಲಾಯಿತು.

ಆದರೆ ಅದೇ ಡಿಸೆಂಬರ್‌ನಲ್ಲಿ ಮಹಾಡಕ್ಕೆ ಬಂದಿದ್ದ ಹೆಣ್ಣುಮಕ್ಕಳಿಗೆ ಅವರು ಇನ್ನೊಂದು ಮಾತನ್ನೂ ತಿಳಿಸಿದರು. ಬಟ್ಟೆಗೆ ತೇಪೆ ಇದ್ದರೂ ಚಿಂತೆಯಿಲ್ಲ, ಅದು ಶುಚಿಯಾಗಿರಬೇಕು, ನಿಮ್ಮನ್ನು ನೀವು ಅಸ್ಪೃಶ್ಯರೆಂದು ಎಣಿಸಬೇಡಿ ಎಂಬುದು ಅದರ ಸಾರ. ತೇಪೆಯ ಬಗ್ಗೆ ಅವರಿಗೆ ನಾಚಿಕೆ ಇರಲಿಲ್ಲ. ಕೀಳರಿಮೆ ಅವರಿಗೆ ಬೇಡವಾಗಿತ್ತು.

1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಬಾಬಾಸಾಹೇಬರು ಹೊಟ್ಟೆ ಬಟ್ಟೆ ಕಟ್ಟಿ ದುಡ್ಡು ಉಳಿಸಿ ಹಳೆಯ ಪುಸ್ತಕಗಳನ್ನು ಹುಡುಕಿ ಹುಡುಕಿ ಕೊಂಡರು. ಬೇರೆ ಯಾರೋ ಓದಿ ಬಿಟ್ಟ ಪುಸ್ತಕಗಳು ಅವು. ಅವುಗಳನ್ನು ಎಂಜಲು ಅನ್ನಲು ಯಾರಿಗಾದರೂ ಬಾಯಿ ಬರುತ್ತದೆಯೇ?

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಎಂಜಲಿಗೆ ಮೂರು ಗುರುತುಗಳಿವೆ. ಕೊಡುವವನ ಹತ್ತಿರ ಬೆಲೆ ಕೇಳುವಂತಿಲ್ಲ. ಇದು ಹರಿದಿದೆ, ಬೇಡ ಎನ್ನುವಂತಿಲ್ಲ. ತೆಗೆದುಕೊಂಡ ಮೇಲೆ ತಲೆ ಬಾಗಿಸಿಕೊಂಡೇ ಇರಬೇಕು. ಕೊಂಡ ಹಳೆಯ ವಸ್ತುವಿಗೆ ಈ ಮೂರೂ ಇಲ್ಲ. ನೀವು ರೇಟು ಕೇಳುತ್ತೀರಿ. ಪರೀಕ್ಷೆ ಮಾಡುತ್ತೀರಿ. ಕೆಟ್ಟಿದ್ದರೆ ವಾಪಸ್ ಕಳಿಸುತ್ತೀರಿ. ಬಿಲ್ ಮೇಲೆ ನಿಮ್ಮ ಹೆಸರು ಇರುತ್ತದೆ. ಮಾರುವವನೂ ಕೊಳ್ಳುವವನೂ ಸಮಾನರಾಗಿ ನಿಂತಿರುತ್ತಾರೆ.

*2. ಸಂಘದಲ್ಲಿ ಹಳೆಯ ಬಟ್ಟೆ*

ಭಿಕ್ಖುಗಳು ಧರಿಸುತ್ತಿದ್ದ ಪಂಸುಕೂಲ ಚೀವರದ ಬಗ್ಗೆ ನಾವು ಓದಿದ್ದೇವೆ. ತಿಪ್ಪೆಯಲ್ಲಿ, ಸ್ಮಶಾನದಲ್ಲಿ ಬಿದ್ದ ಬಟ್ಟೆಯನ್ನು ಆರಿಸಿ, ಒಗೆದು, ಹೊಲಿದು, ಬಣ್ಣ ಹಾಕಿ ಉಡುತ್ತಿದ್ದರು. ಮನುಸ್ಮೃತಿ ಯಾರ ಮೇಲೋ ಹೇರಿದ ಸತ್ತವರ ಬಟ್ಟೆಯನ್ನು ಇಲ್ಲಿ ರಾಜಕುಮಾರರೂ ಬ್ರಾಹ್ಮಣ ಕುಲದವರೂ ತಾವಾಗಿಯೇ ಆರಿಸಿಕೊಂಡರು. ಹೇರಿದಾಗ ಅದು ಅವಮಾನ, ಸ್ವಂತ ಇಚ್ಛೆಯಿಂದ ಆರಿಸಿಕೊಂಡಾಗ ಸರಳ ಜೀವನ.

ವಿನಯ ಪಿಟಕದ ಚುಲ್ಲವಗ್ಗದಲ್ಲಿ ಆನಂದರ ಒಂದು ಪ್ರಸಂಗ ಇದೆ. ಕೋಸಂಬಿಯಲ್ಲಿ ಉದೇನ ರಾಜನ ಅಂತಃಪುರದ ಹೆಣ್ಣುಮಕ್ಕಳು ಆನಂದರಿಗೆ 500 ಬಟ್ಟೆಗಳನ್ನು ದಾನ ಮಾಡಿದರು. ಇಷ್ಟು ಬಟ್ಟೆ ಇಟ್ಟುಕೊಂಡು ಈ ಶ್ರಮಣ ಅಂಗಡಿ ತೆರೆಯುತ್ತಾನೋ ಎಂದು ರಾಜನಿಗೆ ಸಿಟ್ಟು ಬಂತು. ನೇರವಾಗಿ ಹೋಗಿ ಕೇಳಿದ. ಚೀವರ ಹರಿದ ಭಿಕ್ಖುಗಳಿಗೆ ಹಂಚುತ್ತೇನೆ ಎಂದರು ಆನಂದರು. ಅವರ ಹಳೆಯ ಚೀವರ? ಹಾಸಿಗೆಯ ಮೇಲುಹೊದಿಕೆ ಆಗುತ್ತದೆ. ಹಳೆಯ ಮೇಲುಹೊದಿಕೆ? ಹಾಸಿಗೆಯ ಗವಸು. ಹಳೆಯ ಗವಸು? ನೆಲಹಾಸು. ಆಮೇಲೆ? ಕಾಲೊರಸು. ಆಮೇಲೆ? ಧೂಳು ಒರೆಸುವ ಅರಿವೆ. ಕೊನೆಗೆ ಅದನ್ನೂ ಕುಟ್ಟಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಸಾರಿಸುತ್ತೇವೆ. ರಾಜ ಮೆಚ್ಚಿ ಮತ್ತೆ 500 ಬಟ್ಟೆ ಕೊಟ್ಟ.

ನಮ್ಮ ಅವ್ವಂದಿರು ಹಳೆ ಸೀರೆಯಲ್ಲಿ ಕೌದಿ ಹೊಲಿಯುವುದೂ ಇದೇ ಬುದ್ಧಿಯಿಂದ. ವಸ್ತುವಿನಲ್ಲಿ ಇನ್ನೂ ಜೀವ ಇದ್ದರೆ ಬಿಸಾಡಬಾರದು. ಒಂದು ಲ್ಯಾಪ್‌ಟಾಪ್ ಬಿಸಾಡಿದರೆ ಅದು ಎಲ್ಲಿಗೆ ಹೋಗುತ್ತದೆ? ದೆಹಲಿಯ ಸೀಲಂಪುರದಂಥ ಕಡೆ ಬಡವರು ಬರಿಗೈಲಿ ಅದನ್ನು ಒಡೆದು, ವೈರ್ ಸುಟ್ಟು, ಆ ಹೊಗೆ ಕುಡಿದು ತಾಮ್ರ ತೆಗೆಯುತ್ತಾರೆ. ನಾವು ಇನ್ನೊಂದು ನಾಲ್ಕು ವರ್ಷ ಬಳಸಿದರೆ ಅಷ್ಟು ಹೊಗೆ ತಡವಾಗುತ್ತದೆ.

*3. ರಿಫರ್ಬಿಶ್ಡ್ ಮತ್ತು ಸೆಕೆಂಡ್ ಹ್ಯಾಂಡ್*

ಇವೆರಡೂ ಒಂದೇ ಅಲ್ಲ. ಸೆಕೆಂಡ್ ಹ್ಯಾಂಡ್ ಎಂದರೆ ಹೇಗಿದೆಯೋ ಹಾಗೇ ಮಾರುವುದು. ರಿಫರ್ಬಿಶ್ಡ್ ಎಂದರೆ ಬಿಚ್ಚಿ ಪರೀಕ್ಷಿಸಿ, ಕೆಟ್ಟ ಭಾಗ ಬದಲಿಸಿ, ಹಳೆಯ ಮಾಹಿತಿ ಅಳಿಸಿ ಮಾರುವುದು. ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬದಲಿಸುವ ಲ್ಯಾಪ್‌ಟಾಪ್‌ಗಳು ಈ ವ್ಯಾಪಾರಕ್ಕೆ ಬಹಳ ಬರುತ್ತವೆ. ಆದರೆ ಒರೆಸಿ ಡಬ್ಬಿಗೆ ಹಾಕಿದ್ದನ್ನೂ ಕೆಲವರು ರಿಫರ್ಬಿಶ್ಡ್ ಎಂದೇ ಮಾರುತ್ತಾರೆ. ಹೆಸರು ನೋಡಿ ನಂಬಬಾರದು.

ಕೇಸಪುತ್ತದ ಕಾಲಾಮರಿಗೆ ತಥಾಗತರು ಹೇಳಿದ್ದು ಇದನ್ನೇ. ಯಾರೋ ಹೇಳಿದರು, ಹಿಂದಿನಿಂದ ಬಂದಿದೆ, ಹೇಳುವವನು ಯೋಗ್ಯನಂತೆ ಕಾಣುತ್ತಾನೆ ಎಂದು ಒಪ್ಪಬೇಡಿ, ಸ್ವತಃ ಪರೀಕ್ಷಿಸಿ ಎಂದರು. ಧಮ್ಮವನ್ನೇ 'ಏಹಿಪಸ್ಸಿಕೋ', ಬಂದು ನೋಡು ಎಂದವರು ಅವರು. ಐದು ಸ್ಟಾರ್ ರೇಟಿಂಗ್ ಧಮ್ಮಕ್ಕಿಂತ ದೊಡ್ಡದೇ?

ಸಣ್ಣ ವ್ಯಾಪಾರಿಗೆ ಫೋನ್ ಮಾಡಿ ಇಷ್ಟು ಕೇಳಿ:
▪️ ಯಾವ ಭಾಗ ಬದಲಿಸಿದ್ದೀರಿ? ಯಾವುದು ಹಳೆಯದೇ ಇದೆ?
▪️ ಬ್ಯಾಟರಿ ರಿಪೋರ್ಟ್ ಕಳಿಸುತ್ತೀರಾ? (ಹೊಸದಿದ್ದಾಗ ಎಷ್ಟು ಚಾರ್ಜ್ ಹಿಡಿಯುತ್ತಿತ್ತು, ಈಗ ಎಷ್ಟು ಎಂದು ವಿಂಡೋಸ್ ಲ್ಯಾಪ್‌ಟಾಪ್ ತಾನೇ ತೋರಿಸುತ್ತದೆ.)
▪️ ವಿಂಡೋಸ್ 11 ನಡೆಯುತ್ತದೆಯೇ? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ಜನರೇಷನ್ ಅಥವಾ ಆಮೇಲಿನದು ಬೇಕು.
▪️ ವಾರಂಟಿ ಎಷ್ಟು ತಿಂಗಳು? ವಾಪಸ್ ಕಳಿಸಿದರೆ ಕೊರಿಯರ್ ಖರ್ಚು ಯಾರದು?
▪️ ಜಿಎಸ್‌ಟಿ ನಂಬರ್, ಅಂಗಡಿ ವಿಳಾಸ ಇರುವ ಬಿಲ್ ಕೊಡುತ್ತೀರಾ?

ಅಂಗುತ್ತರ ನಿಕಾಯದ ಪಾಪಣಿಕ ಸುತ್ತದಲ್ಲಿ ಒಳ್ಳೆಯ ವ್ಯಾಪಾರಿಗೆ ಮೂರು ಗುಣ ಹೇಳಿದೆ: ಸಾಮಾನಿನ ಬೆಲೆ ಬಲ್ಲ ಕಣ್ಣು, ಕೊಂಡು ಮಾರುವ ಜಾಣ್ಮೆ, ಜನರ ವಿಶ್ವಾಸ. ಮಾರುವವನಿಗೆ ಕಣ್ಣು ಇರುವಾಗ ಕೊಳ್ಳುವ ನಾವು ಕಣ್ಣು ಮುಚ್ಚಬಾರದು.

*4. ಎರಡನೇ ಶೀಲ: ಕೊಡದದ್ದನ್ನು ತೆಗೆದುಕೊಳ್ಳದಿರುವುದು*

25 ಸಾವಿರದ ಮೊಬೈಲ್ 5 ಸಾವಿರಕ್ಕೆ ಸಿಗುತ್ತದೆ, ಬಾಕ್ಸ್ ಇಲ್ಲ, ಬಿಲ್ ಇಲ್ಲ ಎಂದರೆ ಮನಸ್ಸು ಒಳಗೆ ಒಂದು ಮಾತು ಹೇಳುತ್ತದೆ. ಅದನ್ನು ಕೇಳಿಯೂ ಕೇಳದಂತೆ ಇದ್ದು ಕೊಂಡರೆ 'ನಾನು ಕದ್ದಿಲ್ಲ' ಎಂಬ ಸಮಾಧಾನ ಉಳಿಯುವುದಿಲ್ಲ. ಆ ಮೊಬೈಲ್ ನಮ್ಮಂಥ ಯಾರದೋ ಆರು ತಿಂಗಳ ಕೂಲಿ ಇರಬಹುದು.

ಪರೀಕ್ಷೆ ಸುಲಭ. ಮೊಬೈಲ್‌ನಲ್ಲಿ *#06# ಒತ್ತಿದರೆ 15 ಅಂಕಿಯ ಐಎಂಇಐ ನಂಬರ್ ಕಾಣುತ್ತದೆ. ಇಂಗ್ಲಿಷ್‌ನಲ್ಲಿ ಕೆ, ವೈ, ಎಂ ಎಂಬ ಮೂರು ಅಕ್ಷರ ಬರೆದು, ಜಾಗ ಬಿಟ್ಟು, ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಮಾಡಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲೂ ನೋಡಬಹುದು. ಬ್ಲಾಕ್ ಆಗಿದೆ, ಡುಪ್ಲಿಕೇಟ್ ಎಂದು ಬಂದರೆ ಎಷ್ಟೇ ಅಗ್ಗ ಇದ್ದರೂ ಬಿಡಿ. ನಿಮ್ಮ ಮೊಬೈಲ್ ಕಳೆದರೆ ಪೊಲೀಸರಿಗೆ ದೂರು ಕೊಟ್ಟು ಇದೇ ಪೋರ್ಟಲ್‌ನಲ್ಲಿ ಬ್ಲಾಕ್ ಮಾಡಿಸಬಹುದು.

ಇನ್ನೊಂದು ಮಾತು. ಹಳೆಯ ಮೊಬೈಲ್‌ನಲ್ಲಿ ಹಿಂದಿನವರ ಫೋಟೋ, ಮೆಸೇಜ್ ಉಳಿದಿದ್ದರೆ ನೋಡಬೇಡಿ, ಯಾರಿಗೂ ತೋರಿಸಬೇಡಿ, ಅಳಿಸಿ. ಮೊಬೈಲ್ ಮಾತ್ರ ಅವರು ಮಾರಿದ್ದು, ತಮ್ಮ ಮನೆಯ ಮಾತನ್ನಲ್ಲ. ನೀವು ಮಾರುವಾಗಲೂ ನಿಮ್ಮ ಗೂಗಲ್ ಅಕೌಂಟ್ ತೆಗೆದು, ಎಲ್ಲ ಅಳಿಸಿಯೇ ಕೊಡಿ.

*5. ನಾಲ್ಕನೇ ಶೀಲ: ಎರಡೂ ಕಡೆಗೆ*

ಬಿರುಕು ಮುಚ್ಚಿ ಫೋಟೋ ತೆಗೆಯುವುದು ಮುಸಾವಾದ. ಸುಳ್ಳು ಹೇಳಲು ಬಾಯಿಯೇ ಬೇಕೆಂದಿಲ್ಲ. ಹಾಗೆಯೇ ನಮ್ಮ ಮಗು ಕೈತಪ್ಪಿ ಬೀಳಿಸಿದ ಲ್ಯಾಪ್‌ಟಾಪನ್ನು 'ಬಂದಾಗಲೇ ಹೀಗಿತ್ತು' ಎಂದು ವಾಪಸ್ ಕಳಿಸುವುದೂ ಮುಸಾವಾದ. ಸಣ್ಣ ವ್ಯಾಪಾರಿಗೆ ಅಂಥ ಎರಡು ವಾಪಸಾತಿ ಸಾಕು, ತಿಂಗಳ ಲಾಭ ಹೋಗುತ್ತದೆ. ಆತನಿಗೂ ಹೆಂಡತಿ ಮಕ್ಕಳು ಇದ್ದಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲಿ ಮೊಬೈಲ್ ರಿಪೇರಿ ಕಲಿತ ನಮ್ಮ ಹುಡುಗರೂ ನಾಳೆ ಇದೇ ವ್ಯಾಪಾರ ಮಾಡಬಹುದು. ಉಪಾಸಕರು ಮಾಡಬಾರದೆಂದು ತಥಾಗತರು ಹೇಳಿದ ಐದು ವ್ಯಾಪಾರಗಳು ಆಯುಧ, ಜೀವಿಗಳು, ಮಾಂಸ, ಮದ್ಯ ಮತ್ತು ವಿಷ. ಕೆಟ್ಟದ್ದನ್ನು ರಿಪೇರಿ ಮಾಡಿ, ಇದ್ದದ್ದನ್ನು ಇದ್ದಂತೆ ಹೇಳಿ ಮಾರುವುದು ಸಮ್ಯಕ್ ಆಜೀವವೇ.

*6. ಬಿಲ್ ನಮ್ಮ ಹಕ್ಕು*

ದುಡ್ಡು ಉಳಿಯುತ್ತದೆ ಎಂದು ಬಿಲ್ ಬಿಡಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮತ್ತು 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೋಷ ಇರುವ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ಸಾಮಾನನ್ನು ವಾಪಸ್ ಪಡೆಯುವುದಿಲ್ಲ ಎಂದು ಆನ್‌ಲೈನ್ ವ್ಯಾಪಾರಿ ಹೇಳುವಂತಿಲ್ಲ. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದೊಳಗಿನ ದೂರಿಗೆ ಶುಲ್ಕ ಇಲ್ಲ. ಪಾರ್ಸೆಲ್ ಒಡೆಯುವಾಗ ಪೂರ್ತಿ ವಿಡಿಯೋ ಮಾಡಿ ಇಡಿ. ಗೊತ್ತಿಲ್ಲದವರ ಸ್ವಂತ ನಂಬರಿಗೆ ಪೂರ್ತಿ ದುಡ್ಡು ಮುಂಗಡ ಹಾಕಬೇಡಿ. ದುಡ್ಡು ವಾಪಸ್ ಬರುತ್ತದೆ, ಕ್ಯೂಆರ್ ಸ್ಕ್ಯಾನ್ ಮಾಡಿ ಎಂದರೆ ಅದು ಮೋಸ. ಸ್ಕ್ಯಾನ್ ಮಾಡುವುದು ದುಡ್ಡು ಕೊಡಲು, ಪಡೆಯಲು ಅಲ್ಲ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಆ ಉಪಾಸಕರ ಮಗಳು ಈ ಪ್ರಶ್ನೆಗಳನ್ನು ಬರೆದುಕೊಂಡು ತಾನೇ ಫೋನ್ ಮಾಡಿದಳು. 17 ಸಾವಿರ ಹೇಳಿದವನು ಬಿಲ್ ಕೊಡುವುದಿಲ್ಲ ಎಂದ. ಬಿಟ್ಟಳು. ಇನ್ನೊಬ್ಬ ವ್ಯಾಪಾರಿ 18,500 ಹೇಳಿದ. ಬ್ಯಾಟರಿ ಬದಲಿಸಿದ್ದೇನೆ, ಮುಚ್ಚಳದ ಮೇಲೆ ಗೀರು ಇದೆ ನೋಡಮ್ಮ ಎಂದು ಆ ಗೀರಿನ ಫೋಟೋ ತಾನಾಗಿಯೇ ಕಳಿಸಿದ. ಆರು ತಿಂಗಳ ವಾರಂಟಿಯ ಬಿಲ್ ಮಗಳ ಹೆಸರಿನಲ್ಲೇ ಬಂದಿದೆ. ತಂದೆ ಆ ಬಿಲ್ಲನ್ನು ಮಡಚಿ ಜಾತಿ ಪ್ರಮಾಣಪತ್ರ, ಅಂಕಪಟ್ಟಿ ಇಡುವ ಫೈಲಿನಲ್ಲಿ ಇಟ್ಟಿದ್ದಾರೆ.

*ಇಂದಿನ ಅಭ್ಯಾಸ*

1️⃣ ಮನೆಯಲ್ಲಿ ಬಳಸದೆ ಬಿದ್ದಿರುವ ಮೊಬೈಲ್, ಚಾರ್ಜರ್ ಯಾವುದಿದೆ ನೋಡಿ. ರಿಪೇರಿ ಆಗುತ್ತದೆಯೇ ಕೇಳಿ.
2️⃣ ನಿಮ್ಮ ಮೊಬೈಲಿನ ಐಎಂಇಐ ನಂಬರನ್ನು ಇಂದೇ ಒಂದು ವಹಿಯಲ್ಲಿ ಬರೆದಿಡಿ.
3️⃣ ಐದು ನಿಮಿಷ ಕಣ್ಣು ಮುಚ್ಚಿ ಕೂತು ವಿಚಾರ ಮಾಡಿ: ನಾನು ಬಳಸುವ ವಸ್ತುಗಳಲ್ಲಿ ಯಾವುದನ್ನು ಕೇಳಿ, ನೋಡಿ, ಬೆಲೆ ಕೊಟ್ಟು ತಂದೆ? ಯಾವುದನ್ನು ಬೇಡ ಎನ್ನಲಾಗದೆ ತೆಗೆದುಕೊಂಡೆ?

ಎರಡನೆಯದಕ್ಕೆ ಉತ್ತರ ಸಿಕ್ಕವರು ಭಾನುವಾರ ಕೂಟದಲ್ಲಿ ಹೇಳಬಹುದು. ನಾಚಿಕೆ ಬೇಡ, ಎಲ್ಲರೂ ನಮ್ಮವರೇ.

ಭವತು ಸಬ್ಬ ಮಂಗಲಂ ☸️
ಜೈ ಭೀಮ್ 💙
(ಉಪಯೋಗ ಎನಿಸಿದರೆ ಓದುವ ಮಕ್ಕಳಿರುವ ಮನೆಗಳಿಗೆ ಕಳಿಸಿ)