ದಣಿವು: ಸ್ನಾಯುಗಳು ಆಡುವ ಎಚ್ಚರಿಕೆಯ ಮಾತು



ಯರಗುಪ್ಪಿ ಹಾಗೂ ಸುತ್ತಲಿನ ಎರೆಸೀಮೆಯ ಜನರಿಗೆ ಭಾರ ಎತ್ತುವುದು ಹೊಸತಲ್ಲ. ಹತ್ತಿಯ ಅಂಡಿಗೆ, ಜೋಳದ ಚೀಲ, ಜಾತ್ರೆಯ ಸಂಗ್ರಾಣಿ ಕಲ್ಲು, ಗರಡಿಮನೆಯ ದಂಡ-ಬೈಠಕ್ ಎಲ್ಲವೂ ನಮ್ಮ ಬದುಕಿನ ಭಾಗವೇ. ಈಚೆಗೆ ಯುವಕನೊಬ್ಬ ನನ್ನ ಬಳಿ ಬಂದನು. ಜಾತ್ರೆಗೆ ಎಂಟೇ ದಿನ ಉಳಿದಿರುವಾಗ ಸಾಮು ಆರಂಭಿಸಿ, ಮೊದಲ ದಿನವೇ ನೂರಾರು ಬೈಠಕ್ ಹೊಡೆದಿದ್ದನು. ಮೂರನೆಯ ದಿನ ತೊಡೆಗಳು ಬಿಗಿದು ನೆಲಕ್ಕೆ ಕೂಡಲಾರದಾದನು. “ಮೈಯಾಗ ಶಕ್ತಿನ ಇಲ್ರೀ, ಟಾನಿಕ್ ಕೊಡ್ರಿ ಡಾಕ್ಟರ್ರೇ” ಎಂದನು. ನಾನು ಕೇಳಿದ ಮೊದಲ ಪ್ರಶ್ನೆ, “ಮೂತ್ರದ ಬಣ್ಣ ಹೆಂಗೈತಿ?” ಎಂಬುದು. ಅದರ ಕಾರಣವನ್ನು ಮುಂದೆ ಹೇಳುವೆನು.

ಸ್ನಾಯುವಿನ ಪ್ರತಿಯೊಂದು ಚಲನೆಗೂ ಎ.ಟಿ.ಪಿ. ಎಂಬ ಶಕ್ತಿದ್ರವ್ಯ ಬೇಕು. ಬಿಗಿಯುವುದಕ್ಕಷ್ಟೇ ಅಲ್ಲ, ಬಿಗಿದ ಸ್ನಾಯು ಸಡಿಲಗೊಳ್ಳುವುದಕ್ಕೂ ಅದೇ ಬೇಕು. ಸ್ನಾಯುವಿನಲ್ಲಿರುವ ಇದರ ಸಂಗ್ರಹ ಪೂರ್ಣ ಬಲದ ಕೆಲಸಕ್ಕೆ 2-3 ಸೆಕೆಂಡುಗಳಿಗೆ ಮಾತ್ರ ಸಾಕಾಗುತ್ತದೆ. ಆದ್ದರಿಂದ ದೇಹವು ಅದನ್ನು ಮೂರು ಮಾರ್ಗಗಳಿಂದ ಮತ್ತೆ ಮತ್ತೆ ತಯಾರಿಸುತ್ತದೆ.

ಮೊದಲನೆಯದು ಕ್ರಿಯಾಟಿನ್ ಫಾಸ್ಫೇಟ್. ಇದು ಕಿಸೆಯಲ್ಲಿನ ಚಿಲ್ಲರೆ ಹಣದಂತೆ ತಕ್ಷಣ ಒದಗಿ, ಸುಮಾರು 10 ಸೆಕೆಂಡುಗಳಲ್ಲಿ ಬಹುಪಾಲು ಮುಗಿಯುತ್ತದೆ. ಕಲ್ಲನ್ನು ಒಮ್ಮೆಲೇ ಎತ್ತುವ ಬಲ ಇದರದ್ದು. ಎರಡನೆಯದು ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್. ಉಂಡ ರೊಟ್ಟಿ-ಅನ್ನಗಳ ಸಾರವೇ ಅದು. ಆಮ್ಲಜನಕ ಸಾಲದಿರುವಾಗಲೂ ಒಂದೆರಡು ನಿಮಿಷ ರಭಸದಿಂದ ಶಕ್ತಿ ಕೊಡುತ್ತದೆ. ಮೂರನೆಯದು ಉಸಿರಿನ ಆಮ್ಲಜನಕದಿಂದ ಸಕ್ಕರೆ ಮತ್ತು ಕೊಬ್ಬನ್ನು ದಹಿಸುವ ಮಾರ್ಗ. ದಿನವಿಡೀ ಕಳೆ ತೆಗೆಯುವವರನ್ನು ನಡೆಸುವುದು ಇದೇ. ಇದರ ಗತಿ ನಿಧಾನ, ಬಾಳಿಕೆ ದೀರ್ಘ.

ಹಾಗಾದರೆ ದಣಿವೇಕೆ? ರಭಸದ ಕೆಲಸದಲ್ಲಿ ಫಾಸ್ಫೇಟ್ ಹಾಗೂ ಆಮ್ಲೀಯ ಅಂಶಗಳು ಸ್ನಾಯುತಂತುಗಳಲ್ಲಿ ಹೆಚ್ಚುತ್ತವೆ. ಬಿಗಿಯಲು ಆಜ್ಞೆ ನೀಡುವ ಕ್ಯಾಲ್ಸಿಯಂನ ಬಿಡುಗಡೆ ಕುಗ್ಗುತ್ತದೆ. ಆಗ ಮನಸ್ಸಿದ್ದರೂ ಕೈ ಏಳದು. ಇದು ಸೋಲಲ್ಲ, ದೇಹ ತನ್ನನ್ನು ತಾನು ಕಾಯ್ದುಕೊಳ್ಳುವ ಕ್ರಮ. 3ರಿಂದ 5 ನಿಮಿಷ ವಿಶ್ರಮಿಸಿದರೆ ಕ್ರಿಯಾಟಿನ್ ಫಾಸ್ಫೇಟ್ ಬಹುತೇಕ ಮರಳಿ ತುಂಬುತ್ತದೆ. ಗ್ಲೈಕೋಜನ್ ತುಂಬಲು ಊಟ ಮತ್ತು ಸುಮಾರು ಒಂದು ದಿನ ಬೇಕು.

ಮರುದಿನದ ಮೈನೋವಿಗೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂಬ ಮಾತು ಸರಿಯಲ್ಲ. ಅದು ಗಂಟೆಯೊಂದೆರಡರಲ್ಲಿ ಕರಗಿ, ಹೃದಯ-ಯಕೃತ್ತುಗಳಿಗೂ ಉಪಯೋಗವಾಗುತ್ತದೆ. ರೂಢಿಯಿಲ್ಲದ ಶ್ರಮದಿಂದ ತಂತುಗಳಲ್ಲಾಗುವ ಸೂಕ್ಷ್ಮ ಗಾಯಗಳೇ ಆ ನೋವಿನ ಮೂಲ. ಅದು 1ರಿಂದ 3 ದಿನಗಳಲ್ಲಿ ಹೆಚ್ಚಿ ಇಳಿಯುತ್ತದೆ. ಈ ದುರಸ್ತಿಯ ಅವಧಿಯಲ್ಲಿಯೇ ಸ್ನಾಯು ಬಲಿಯುತ್ತದೆ. ಆದ್ದರಿಂದ ವಿಶ್ರಾಂತಿಯೂ ಸಾಮಿನ ಒಂದು ಅಂಗವೇ.

ನಮ್ಮ ಆಯುರ್ವೇದವು ವ್ಯಾಯಾಮಕ್ಕೆ ‘ಅರ್ಧಶಕ್ತಿ’ಯ ಮಿತಿಯನ್ನು ಹೇಳಿದೆ. ಹಣೆಯಲ್ಲಿ ಬೆವರೊಡೆದು, ಉಸಿರು ಬಾಯಿಂದ ಬರತೊಡಗಿದರೆ ಅದೇ ಅರ್ಧಬಲದ ಗುರುತು. ಮಿತಿಮೀರಿದರೆ ಬಾಯಾರಿಕೆ, ಕ್ಷಯ, ಕೆಮ್ಮು, ಜ್ವರಗಳು ಬರುವವೆಂದು ವಾಗ್ಭಟಾಚಾರ್ಯರು ಎಚ್ಚರಿಸಿದ್ದಾರೆ. ಹಿರಿಯರ ಈ ಅಳತೆಗೋಲು ಇಂದಿಗೂ ಹೊಸಬರಿಗೆ ಕ್ಷೇಮಕರ.

ಭಕ್ತರು ಪಾಲಿಸಬೇಕಾದ ಕ್ರಮ ಇಷ್ಟೇ. ಹಗುರಾದ ಭಾರದಿಂದ ಆರಂಭಿಸಿ ವಾರವಾರಕ್ಕೆ ತುಸುತುಸುವೇ ಏರಿಸಿರಿ. ಎತ್ತುವಾಗ ಉಸಿರು ಬಿಗಿಹಿಡಿಯದೆ ಹೊರಬಿಡಿರಿ. ಉಸಿರು ಹಿಡಿದರೆ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಒಂದೇ ಸ್ನಾಯುವಿಗೆ ದಿನ ಬಿಟ್ಟು ದಿನ ಕೆಲಸ ಕೊಡಿರಿ. ರೊಟ್ಟಿಯ ಜೊತೆಗೆ ಹೆಸರು, ಕಡಲೆ, ಹಾಲು, ಮೊಸರು ಇರಲಿ. ಹೃದ್ರೋಗ, ರಕ್ತದೊತ್ತಡ, ಅಂಡವಾಯು ಉಳ್ಳವರು ವೈದ್ಯರನ್ನು ಕೇಳದೆ ಭಾರ ಎತ್ತಬಾರದು.

ಇನ್ನು ಆ ಪ್ರಶ್ನೆಯ ಕಾರಣ. ಅತಿಶ್ರಮದಿಂದ ಸ್ನಾಯುತಂತುಗಳು ಒಡೆದರೆ ಅವುಗಳ ಕೆಂಪು ದ್ರವ್ಯ ರಕ್ತಕ್ಕಿಳಿದು ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಆಗ ಮೂತ್ರವು ಕರಿಚಹಾದ ಬಣ್ಣಕ್ಕೆ ತಿರುಗುತ್ತದೆ. ಹಾಗೆ ಕಂಡರೆ, ಅಥವಾ ಎದೆನೋವು, ತಲೆಸುತ್ತು ಬಂದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ದೈವಕೃಪೆಯಿಂದ ನಮ್ಮ ಯುವಕನ ಮೂತ್ರ ತಿಳಿಯಾಗಿತ್ತು. ನೀರು, ಊಟ, ನಾಲ್ಕು ದಿನದ ವಿಶ್ರಾಂತಿಯಿಂದಲೇ ಗುಣವಾದನು. ಈ ಜಾತ್ರೆಯಲ್ಲಿ ಅವನು ಕಲ್ಲು ಎತ್ತಲಿಲ್ಲ. ಮುಂದಿನ ಜಾತ್ರೆಗೆ ಈಗಿನಿಂದಲೇ ನಿಧಾನವಾಗಿ ಸಾಮು ಮಾಡುತ್ತಿದ್ದಾನೆ.

ಕಾಯಕಕ್ಕೆ ಕಾಯವೇ ಸಾಧನ. ಅದು ಆಡುವ ದಣಿವಿನ ಮಾತನ್ನು ಕೇಳಿಸಿಕೊಳ್ಳೋಣ. ಶರಣು.