ಊರಿಗೊಂದು ಆರೋಗ್ಯ ಆ್ಯಪ್

ಪ್ರಶ್ನೆ: ನಾನು ಸಾಫ್ಟ್‌ವೇರ್ ಎಂಜಿನಿಯರ್. ತುಮಕೂರು ಜಿಲ್ಲೆಯ ನಮ್ಮೂರಲ್ಲಿ ಬಿಪಿ, ಸಕ್ಕರೆ ಕಾಯಿಲೆಯವರು ಹೆಚ್ಚುತ್ತಿದ್ದಾರೆ. ನಡಿಗೆ, ಊಟ, ನೀರು, ನಿದ್ದೆ ಎಲ್ಲವನ್ನೂ ದಾಖಲಿಸುವ ಆ್ಯಪ್ ಮಾಡಿದ್ದೇನೆ. ಮನೆಯವರೇ ಬಳಸುತ್ತಿಲ್ಲ. ಏನು ಮಾಡಲಿ?

ಉತ್ತರ: ಅಷ್ಟೊಂದನ್ನು ದಿನಾ ಬರೆದಿಡಲು ಯಾರಿಗೂ ಪುರುಸೊತ್ತಿಲ್ಲ. ಒಂದೇ ಅಭ್ಯಾಸ ಉಳಿಸಿಕೊಳ್ಳಿ. ಯಾವುದು ಎಂದು ನೀವೇ ತೀರ್ಮಾನಿಸಬೇಡಿ. ಆಶಾ ಕಾರ್ಯಕರ್ತೆಯರನ್ನು, ಸ್ವಸಹಾಯ ಸಂಘದ ಮಹಿಳೆಯರನ್ನು ಕೇಳಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂಗಡಿಯಲ್ಲಿ ಕೂರುವವರಿಗೆ ಅದು ಸರಿ. ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ಮತ್ತೆ ನಡೆಯಿರಿ ಎನ್ನುವುದು ಅನ್ಯಾಯ. ಅವರಿಗೆ ಉಪ್ಪಿನ ಮಾತು ಹೇಳಿ: ಉಪ್ಪಿನಕಾಯಿ, ಹಪ್ಪಳ ಸೇರಿ ದಿನಕ್ಕೆ 5 ಗ್ರಾಂ ದಾಟಬಾರದು.

ಒಂದು ತಿಂಗಳು ಬರೀ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಕನ್ನಡದ ಧ್ವನಿ ಸಂದೇಶಗಳಲ್ಲಿ ಪ್ರಯೋಗಿಸಿ. ಅಲ್ಲಿ ನಡೆಯದ್ದು ಆ್ಯಪ್‌ನಲ್ಲೂ ನಡೆಯುವುದಿಲ್ಲ. ಆಮೇಲೆ ವಿನ್ಯಾಸ ಬದಲಿಸಿ: ಒಂದೇ ಫೋನಿನಲ್ಲಿ ಮನೆಮಂದಿಯೆಲ್ಲ ಬಳಸುವಂತಿರಲಿ, ನೆಟ್‌ವರ್ಕ್ ಇಲ್ಲದಾಗಲೂ ತೆರೆಯಲಿ. ಹೆಸರು ಹಾಕಿ ರ‍್ಯಾಂಕ್ ಪಟ್ಟಿ ತೋರಿಸಲೇಬೇಡಿ. ಹಿಂದುಳಿದವರು ನಾಚಿಕೊಂಡು ಆ್ಯಪ್ ತೆಗೆದುಹಾಕುತ್ತಾರೆ.

ಬಿಪಿ, ಸಕ್ಕರೆ ಪ್ರಮಾಣ ಸಂಗ್ರಹಿಸುವ ಮುನ್ನ ವಕೀಲರನ್ನು ಕಾಣಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ಸ್ಪಷ್ಟ ಒಪ್ಪಿಗೆ ಬೇಕು. 18 ವರ್ಷದೊಳಗಿನವರಿಗೆ ಪೋಷಕರ ಒಪ್ಪಿಗೆ. ಪ್ರತಿ ಆರೋಗ್ಯ ಸಂದೇಶವನ್ನೂ ವೈದ್ಯರಿಗೆ ತೋರಿಸಿ. ಔಷಧದ ಪ್ರಮಾಣದ ಬಗ್ಗೆ ಆ್ಯಪ್ ಒಂದು ಅಕ್ಷರವನ್ನೂ ಹೇಳಕೂಡದು. ಎದೆನೋವು, ಮಾತು ತೊದಲುವಿಕೆ ಎಂದು ಯಾರಾದರೂ ಬರೆದರೆ ತೆರೆಯ ಮೇಲೆ 108ಕ್ಕೆ ಕರೆ ಮಾಡುವ ಗುಂಡಿ ತಕ್ಷಣ ಬರಲಿ.